ಪೆಟ್ರೋಲ್ ಪಂಪಿನ ಮುಂದ

ಆಳಂದದ ನಮ್ಮ ಓಣಿಯಲ್ಲಿ ಯಾರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬೇಕಾದರೂ ನನ್ನ ಹತ್ತಿರವೇ ಬರುತ್ತಾರೆ. ಆದ್ದರಿಂದ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಓದುವ ಮಗಳು ಸುಮಾ ತನ್ನ ಕೇರಳದ ಮೇಡಂ ಅವರನ್ನು ಊಟಕ್ಕೆ ಕರೆದಾಗ, ಮನೆಯ ಗುರುತು ಬರೆದು ಕಳಿಸುವ ಘನ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ.

“ಅಪ್ಪಾ, ನಾನ ಲೊಕೇಶನ್ ಕಳಸ್ತೇನಿ. ನೀ ಏನೂ ಬರಿಬ್ಯಾಡ,” ಎಂದಳು ಸುಮಾ.

ಅವಳ ಚಿಂತೆ ಅವಳಿಗೆ. ನಮ್ಮವರ ಇಂಗ್ಲಿಷ್ ತಪ್ಪುಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದಳು. ಉದಾಹರಣೆಗಳು ಸಪ್ಪೆ ಎಂದು ಮೇಡಂ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ.

“ಅಪ್ಪನ ಇಂಗ್ಲಿಷ್ ನೋಡಿದ್ರ ಅವರ ಒಪ್ಪತಾರ ತಗೋ,” ಎಂದೆ.

ನಮ್ಮ ಮನೆ ಪೆಟ್ರೋಲ್ ಪಂಪಿನ ಮುಂದ. ಹಾಗೆಂದರೆ ಇಲ್ಲಿಯವರು ಪಂಪು ದಾಟಿ ಇನ್ನಷ್ಟು ದೂರ ಬರುತ್ತಾರೆ. ಮುಂದ ಎಂದರೆ ಇಂಗ್ಲಿಷಿನಲ್ಲಿ? ‘ಇನ್ ಫ್ರಂಟ್ ಆಫ್ ಪೆಟ್ರೋಲ್ ಪಂಪ್, ಗ್ರೀನ್ ಡೋರ್’ ಎಂದು ಬರೆದು ಕಳಿಸಿಯೇಬಿಟ್ಟೆ.

ಭಾನುವಾರ ಮಧ್ಯಾಹ್ನ ಮೇಡಂ ಉತ್ತರಿಸಿದರು: ‘ಬಂದು ನಿಮ್ಮ ಮನೆಯಲ್ಲೇ ಕೂತಿದ್ದೇನೆ. ನೀವೆಲ್ಲಿ?’

ಪಡಸಾಲೆ ನೋಡಿದೆ. ಅಡುಗೆಮನೆ ನೋಡಿದೆ. ಬಚ್ಚಲಮನೆಯ ಬಾಗಿಲನ್ನೂ ಬಡಿದೆ.

“ಯಾರ್ನ ಹುಡಕಾಕತ್ತೀರಿ?” ಎಂದಳು ಹೋಳಿಗೆ ಬೇಯಿಸುತ್ತಿದ್ದ ಹೆಂಡತಿ ಮಹಾದೇವಿ.

“ಮೇಡಮ್ಮನ್ನ. ಮನ್ಯಾಗ ಕುಂತಾರಂತ.”

ಸುಮಾ ಫೋನ್ ಕಸಿದುಕೊಂಡು ನನ್ನ ವಾಕ್ಯ ಓದಿದಳು. “ಅಪ್ಪಾ, ಇದರರ್ಥ ಪಂಪಿನ ಎದುರಿಗೆ ಅಂತ. ನಾವಿರೋದು ಪಂಪ್ ದಾಟಿ.”

ಪಂಪಿನ ಎದುರಿಗೆ ಬಳೆ ಮಾರುವ ಖಾಜಾಬಿಯ ಮನೆ. ಅದರ ಬಾಗಿಲೂ ಹಸಿರೇ! ನಾವು ಓಡಿಹೋದಾಗ ಮೇಡಂ ಬಿರಿಯಾನಿ ಮುಗಿಸಿ, ಕೈತುಂಬ ಬಳೆ ತೊಟ್ಟು ಕೂತಿದ್ದರು.

“ಸಲ್ಮಾ ಎಲ್ಲಿ ಅಂದ್ರು,” ಎಂದಳು ಖಾಜಾಬಿ. “ಸೊಸಿ ಬಜಾರಕ್ಕ ಹೋಗ್ಯಾಳ, ಬರೋತನಾ ಉಣ್ರಿ ಅಂದೆ.”

ಪಾಪ, ಮೇಡಂ ಕೇಳಿದ್ದು ನಮ್ಮ ಸುಮಾಳನ್ನು; ಖಾಜಾಬಿಗೆ ಕೇಳಿಸಿದ್ದು ಸೊಸೆ ಸಲ್ಮಾಳ ಹೆಸರು! ಮಗಳ ಕಣ್ಣಲ್ಲಿ ನೀರಾಡುತ್ತಿತ್ತು. ಅರ್ಜಿ ಬರೆಯುವ ಪಂಡಿತನಿಗೆ ‘ಸಾರಿ’ ಕೂಡ ನೆನಪಾಗಲಿಲ್ಲ.

ಸುಮಾಳೇ ತಡವರಿಸುತ್ತ ನಮ್ಮ ‘ಮುಂದ’ದ ಎರಡು ಅರ್ಥ ಬಿಡಿಸಿ ಹೇಳಿದಳು. ಮೇಡಂ ಬಳೆ ಘಲ್ಲೆನ್ನುವಂತೆ ಚಪ್ಪಾಳೆ ತಟ್ಟಿದರು. ಇಂಥ ಉದಾಹರಣೆ ಮನೆಯಲ್ಲೇ ಇಟ್ಟುಕೊಂಡು ಊರೆಲ್ಲ ಯಾಕೆ ಹುಡುಕಿದೆ ಎಂದು ಕೇಳಿದರು. ಪ್ರಬಂಧಕ್ಕೆ ಅಲ್ಲೇ ಒಪ್ಪಿಗೆ ಸಿಕ್ಕಿತು.

“ನಿನ್ನ ಹೆಸರು ಹಾಕಂಗಿಲ್ಲಪ್ಪಾ,” ಎಂದು ಮಗಳು ದಾರಿಯಲ್ಲಿ ಸಮಾಧಾನ ಮಾಡಿದಳು.

ಅವಳು ಹಾಕದಿದ್ದರೇನು, ಖಾಜಾಬಿ ಬಳೆಯ ಜೊತೆಗೆ ಸುದ್ದಿಯನ್ನೂ ಮಾರಿದಳು. ಅರ್ಜಿಗೆ ಬರುವವರು ಈಗ ಪಂಪಿನಲ್ಲಿ ನಿಂತು, “‘ಇನ್ ಫ್ರಂಟ್ ಆಫ್’ ಸಾಹೇಬ್ರ ಮನಿ ಎಲ್ಲೈತ್ರಿ?” ಎಂದು ಕೇಳುತ್ತಾರೆ. ಯಾರೂ ದಾರಿ ತಪ್ಪುವುದಿಲ್ಲ.