ಐದು ಬಾಟಲಿ, ನಾಲ್ಕು ಹಂದಿ

ನೀರು ಕೊಡಿ ಎಂದಷ್ಟೇ ಕೇಳಿದ್ದರೆ ಪೂಜಾಶ್ರೀಯ ಆ ಶುಕ್ರವಾರ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ಹಿಂದಿನ ಸಂಜೆ ನೆರೆಹೊರೆಯವರ ‘ನೆರೆಕರೆ’ ಎಂಬ ವಾಟ್ಸಾಪ್ ಗ್ರೂಪಿಗೆ ಮಾತು ರೆಕಾರ್ಡ್ ಮಾಡಿ ಕಳಿಸುವಾಗ ಅವಳ ನಾಲಗೆ ಒಂದು ವಾಕ್ಯ ಹೆಚ್ಚು ಓಡಿತು. “ನಿಮ್ಮ ನಿಮ್ಮ ಮನೆಯ ಕುಡಿಯುವ ನೀರನ್ನು ನಾನು ಕೊಟ್ಟ ಬಾಟಲಿಯಲ್ಲಿ ಬೆಳಗ್ಗೆ ತುಂಬಿಸಿ ಇಡಿ, ಕಾಲೇಜಿನಲ್ಲಿ ಟೆಸ್ಟ್ ಮಾಡ್ಲಿಕ್ಕುಂಟು,” ಎಂದವಳು ಅಲ್ಲಿಗೆ ಬಾಯಿ ಮುಚ್ಚದೆ, “ಯಾರ ನೀರು ಒಳ್ಳೇದು ಅಂತ ರಿಸಲ್ಟ್ ಇಲ್ಲೇ ಹಾಕ್ತೇನೆ,” ಎಂದುಬಿಟ್ಟಳು.

ಪೈವಳಿಕೆಯ ಆ ಗುಡ್ಡದ ಬುಡದಲ್ಲಿ ಇದ್ದದ್ದು ಐದು ಮನೆ, ಐದು ನೀರು. ಮಕ್ಕಳ ಮಾರ್ಕಿನ ಬಗ್ಗೆ ಯಾರಾದರೂ ಕೊಂಕು ಮಾತಾಡಿದರೆ ಅಲ್ಲಿಯ ಜನ ಹೇಗೋ ನುಂಗಿಕೊಳ್ಳುತ್ತಿದ್ದರು. ಬಾವಿಯ ಬಗ್ಗೆ ಮಾತಾಡಿದರೆ ಮಾತ್ರ ಮೂರು ತಿಂಗಳು ಮಾತಿಲ್ಲ, ಮದುವೆಯ ಕಾಗದ ಕೊಡುವಾಗಲೂ ಗೇಟಿನ ಹೊರಗಿಂದಲೇ. ಎಲ್ಲರಿಗಿಂತ ತುಸು ಮೇಲಿದ್ದ ಉಮ್ಮಾಲಿಮ್ಮನ ಮನೆಯ ಹಿಂದೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗವಿತ್ತು. ಅದರ ನೀರು ಕುಡಿದವರು ಎರಡನೇ ಲೋಟ ಕೇಳದೆ ಎದ್ದದ್ದಿಲ್ಲ. ಕಿಟ್ಟಣ್ಣನ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂರುತ್ತಿತ್ತು. ಇದೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಗೊತ್ತಿರುವುದು ಬೇರೆ, ಗ್ರೂಪಿಗೆ ಬರುವುದು ಬೇರೆ.

ಪೂಜಾಶ್ರೀಗೆ ಇದು ಯಾವುದೂ ಹೊಳೆಯಲಿಲ್ಲ. ಬಿಎಸ್ಸಿ ಕೆಮಿಸ್ಟ್ರಿಯ ಕೊನೆಯ ಸೆಮಿಸ್ಟರು. ನೀರಿನ ಗಡಸುತನವನ್ನು, ಅಂದರೆ ಅದರಲ್ಲಿ ಕರಗಿದ ಸುಣ್ಣದಂಥ ಲವಣವನ್ನು, ಅಳೆಯುವುದು ಅವಳ ಪ್ರಾಜೆಕ್ಟು. ಎರಡು ತಿಂಗಳು ಅವಳು ಲ್ಯಾಬಿನ ಕಿಟಕಿಯ ಪಕ್ಕ ಕೂತು ಮುಂದೆ ಎಂಎಸ್ಸಿ ಮಾಡುವ ಕನಸು ಕಂಡದ್ದೇ ಹೆಚ್ಚು. ಸೋಮವಾರ ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬರುತ್ತಾರೆಂದು ಗೊತ್ತಾದಾಗ ಪುಸ್ತಕದಲ್ಲಿ ಪ್ರಾಜೆಕ್ಟಿನ ಹೆಸರು ಬಿಟ್ಟರೆ ಮತ್ತೇನೂ ಇರಲಿಲ್ಲ. ಅಜ್ಜಿಯ ಕತೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ ಅವಳ ಎಂಎಸ್ಸಿಯ ಜೀವ ಈಗ ಐದು ಬಾಟಲಿಗಳಲ್ಲಿತ್ತು.

“ಸ್ಯಾಂಪಲ್ ನೀನೇ ನಿನ್ನ ಕೈಯಾರೆ ತೆಗೀಬೇಕು,” ಎಂದು ಶ್ರೀರಂಜಿನಿ ಟೀಚರ್ ಮೊದಲೇ ಹೇಳಿದ್ದರು. ಆದರೆ ಏಳೂ ಇಪ್ಪತ್ತಕ್ಕೆ ಬಸ್ಸು. ಐದು ಕಡೆ ಯಾರು ನೀರು ಎಳೆಯುತ್ತಾ ಕೂರುವುದು?

ಬೆಳಗ್ಗೆ ಅವಳು ಹೊರಟಾಗ ಬಾಟಲಿಗಳು ಕಾಯುತ್ತಿದ್ದವು. ಕಿಟ್ಟಣ್ಣ ಗೇಟಿನಲ್ಲೇ ನಿಂತಿದ್ದ. ಮೊಣಕಾಲಿನ ತನಕ ಪಂಚೆ ಒದ್ದೆ.

“ಎಂತ ಕಿಟ್ಟಣ್ಣ, ಬೋರ್‌ವೆಲ್ಲಿಗೆ ಇಳಿದದ್ದಾ?”

“ತೋಟದಲ್ಲಿ ಪೈಪು ಸೋರ್ತಾ ಉಂಟು ಮಾರಾಯ್ತಿ. ನೀನು ಬಾಟಲಿ ನೋಡು, ನನ್ನ ಪಂಚೆ ಎಂತಕ್ಕೆ ನಿಂಗೆ?”

ಮೋಹಿನಿಯಕ್ಕನ ಪಾದಕ್ಕೆ ಕೆಂಪು ಮಣ್ಣು ಮೆತ್ತಿತ್ತು. ಅಂಗಳದಲ್ಲೇ ಬಾವಿ ಇರುವ ಅವರು ಯಾಕೋ ಗುಡ್ಡ ಹತ್ತಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದರು. ದುಬಾಯಿಯಲ್ಲಿ ಇಪ್ಪತ್ತು ವರ್ಷ ಇದ್ದು ಬಂದು ಬಾವಿಕಟ್ಟೆಗೂ ಟೈಲ್ಸ್ ಹಾಕಿಸಿದ್ದ ಮೊಯ್ದಿನಬ್ಬ ಕಾಕ, ಬಾಟಲಿಯನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ, ತೊಟ್ಟಿಲ ಮಗುವನ್ನು ಎತ್ತಿಕೊಡುವ ಹಾಗೆ ಕೊಟ್ಟರು. “ಅಲುಗಾಡಿಸ್ಬೇಡ ಆಯ್ತಾ,” ಎಂದರು. ಅವಳ ಅಮ್ಮನೂ ಮನೆಯ ಬಾಟಲಿಯನ್ನು ಮೊದಲೇ ತುಂಬಿಸಿ, ಸೆರಗಿನಲ್ಲಿ ಒರೆಸಿ ಇಟ್ಟಿದ್ದರು. ಮಗಳ ಓದಿನ ಮೇಲೆ ಅಮ್ಮನಿಗೆ ಎಷ್ಟು ಅಕ್ಕರೆ ಎಂದು ಪೂಜಾಶ್ರೀಗೆ ಕಣ್ಣು ತುಂಬಿ ಬಂತು.

ಉಮ್ಮಾಲಿಮ್ಮ ಮಾತ್ರ ತಡಮಾಡಿದರು. ಬಸ್ಸು ತಿರುವಿನಲ್ಲಿ ಹಾರನ್ ಹಾಕುವ ಹೊತ್ತಿಗೆ ಬಾಟಲಿ ಹಿಡಿದು ಕುಂಟುತ್ತಲೇ ಓಡಿ ಬಂದರು.

“ಬೇಗ ತಕೊ ಮಗಾ! ಎಂತ ಹೇಳುದು, ನಸುಕಿಗೆ ಸುರಂಗದೊಳಗೆ ಹಂದಿ ನುಗ್ಗಿ ಎಲ್ಲ ಕಲಕಿ ಹಾಕಿದೆ. ಒಂದಲ್ಲ, ನಾಲ್ಕು! ಒಂದರ ಹಿಂದೆ ಒಂದು ಬಂದು ಹೋದ ಶಬ್ದ ನಾನೇ ಕೇಳಿದ್ದು. ನನ್ನ ಮೊಣಕಾಲು ಎದ್ದು ನಿಲ್ಲುವಷ್ಟರಲ್ಲಿ ಮಾಯ.”

ಮಿಕ್ಕ ಮಾತು ಬಸ್ಸಿನ ಸದ್ದಿನಲ್ಲಿ ಮುಳುಗಿಹೋಯಿತು.

ವಿದ್ಯಾನಗರದ ಕಾಲೇಜಿನ ಲ್ಯಾಬಿನಲ್ಲಿ ಅವಳು ಬ್ಯುರೆಟ್ ಎಂಬ ಅಳತೆಯ ಗಾಜಿನ ಕೊಳವೆಗೆ ದ್ರಾವಣ ತುಂಬಿಸಿ ನಿಂತಾಗ ಒಂಬತ್ತೂವರೆ. ಕೆಳಗಿನ ಫ್ಲಾಸ್ಕಿನಲ್ಲಿ ತನ್ನ ಮನೆಯ ನೀರು, ಅದಕ್ಕೆ ಬಣ್ಣದ ಪುಡಿ. ನೀರು ಕೆಂಪಾಗುತ್ತದೆ. ಮೇಲಿನಿಂದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹನಿಯಲ್ಲಿ, ಕೆಂಪು ಸೀರೆಯ ರಾಜಕುಮಾರಿ ಕಣ್ಣು ಮಿಟುಕಿಸುವುದರೊಳಗೆ ನೀಲಿ ಸೀರೆ ಉಟ್ಟ ಹಾಗೆ, ಬಣ್ಣ ಬದಲಾಗುತ್ತದೆ. ಆ ಹನಿಯಲ್ಲಿ ಕೈ ನಿಲ್ಲಬೇಕು. ನೀರು ಎಷ್ಟು ಗಡಸೋ ಅಷ್ಟು ದ್ರಾವಣ ಬೇಕು.

ಮನೆಯ ನೀರಿಗೆ ಬೇಕಾದದ್ದು ಒಂದು ಪಾಯಿಂಟ್ ನಾಲ್ಕು ಮಿಲಿಲೀಟರ್. ಒಳ್ಳೆಯ ನೀರು! ಅವಳು ಹಿಗ್ಗಿದಳು.

ಫೋನು ಗುಣುಗುಟ್ಟಿತು. ಕಿಟ್ಟಣ್ಣ. “ನಮ್ಮದು ಹೇಗುಂಟು? ಪಾಸಾ?”

“ಇನ್ನೂ ಮುಟ್ಟಿಲ್ಲ ಕಿಟ್ಟಣ್ಣ!”

“ಮೊದಲು ನಮ್ಮದು ಮುಟ್ಟು. ಬಿಸಿಲಿಗೆ ಹಾಳಾದೀತು.”

ಕಿಟ್ಟಣ್ಣನದ್ದು ಮುಟ್ಟಿದಳು. ಒಂದು ಪಾಯಿಂಟ್ ನಾಲ್ಕು. ಅವಳು ಕಣ್ಣುಜ್ಜಿಕೊಂಡಳು. ಮತ್ತೆ ಮಾಡಿದಳು. ಅದೇ. ಮೋಹಿನಿಯಕ್ಕನದ್ದು, ಅದೂ ಒಂದು ಪಾಯಿಂಟ್ ನಾಲ್ಕು. ಮೊಯ್ದಿನಬ್ಬ ಕಾಕನದ್ದು ಬೇರೆಯಿರಲಿ ದೇವರೇ ಎಂದು ಬೇಡಿಕೊಂಡೇ ಹನಿ ಬಿಟ್ಟಳು. ದೇವರು ಕಾಕನ ಪರವೇ ಇದ್ದ: ಮತ್ತೆ ಒಂದು ಪಾಯಿಂಟ್ ನಾಲ್ಕು.

ಕೊನೆಗೆ ಉಮ್ಮಾಲಿಮ್ಮನ ಸುರಂಗದ ನೀರು. ಹನಿ ಬಿಟ್ಟಳು, ಬಿಟ್ಟಳು, ಬಿಡುತ್ತಲೇ ಇದ್ದಳು. ರಾಜಕುಮಾರಿ ಸೀರೆ ಬದಲಿಸುವ ಲಕ್ಷಣವೇ ಇಲ್ಲ. ಒಂಬತ್ತು ಪಾಯಿಂಟ್ ಆರಕ್ಕೆ ನೀಲಿಯಾಯಿತು.

ಪಕ್ಕದ ಮೇಜಿನ ನಿಶ್ಮಿತಾ ಪುಸ್ತಕಕ್ಕೆ ಇಣುಕಿದಳು. “ಎಂತದೇ ಇದು? ನಾಲ್ಕು ಮನೆಗೆ ಒಂದೇ ರೀಡಿಂಗು! ನಾವೆಲ್ಲ ಸುಳ್ಳು ಬರೆಯುವಾಗಲೂ ಸ್ವಲ್ಪ ಹೆಚ್ಚುಕಮ್ಮಿ ಮಾಡಿ ಬರೀತೇವೆ ಮಾರಾಯ್ತಿ.”

ಅಷ್ಟರಲ್ಲಿ ಹನ್ನೊಂದನೇ ಸಲ ಫೋನು ಬಂತು. ಕಾಟ ತಡೆಯಲಾರದೆ ಪೂಜಾಶ್ರೀ ಇದ್ದದ್ದನ್ನು ಇದ್ದ ಹಾಗೆ ಗ್ರೂಪಿಗೆ ಹಾಕಿದಳು: ನಾಲ್ಕು ಮನೆ ಫಸ್ಟ್, ಉಮ್ಮಾಲಿಮ್ಮ ಲಾಸ್ಟ್. ಫೋನು ತಕ್ಷಣ ತಣ್ಣಗಾಯಿತು. ಶ್ರೀರಂಜಿನಿ ಟೀಚರ್ ತಣ್ಣಗಿರಲಿಲ್ಲ.

“ನಾಲ್ಕು ಬೇರೆ ಬೇರೆ ಬಾವಿ, ಒಂದೇ ಉತ್ತರ. ಯಾವ ನಳ್ಳಿಯಿಂದ ತುಂಬಿಸಿದೆ ಪೂಜಾಶ್ರೀ?”

“ಇಲ್ಲ ಟೀಚರ್, ದೇವರಾಣೆ...”

“ದೇವರು ಸೋಮವಾರ ವೈವಾಕ್ಕೆ ಬರುವುದಿಲ್ಲ. ಎಕ್ಸ್‌ಟರ್ನಲ್ ಬರ್ತಾರೆ. ಇದನ್ನು ನೋಡಿದರೆ ಅವರು ನಿನ್ನ ಪ್ರಾಜೆಕ್ಟನ್ನೇ ಮಡಚಿ ಇಡ್ತಾರೆ. ನಾಳೆ ಹತ್ತರ ತನಕ ಟೈಮ್ ಉಂಟು. ಸರಿಯಾದ ಸ್ಯಾಂಪಲ್ ತಾ.”

ಮೂರು ವರ್ಷದಲ್ಲಿ ಮೊದಲ ಸಲ ಸುಳ್ಳು ಬರೆಯದೆ ಲೆಕ್ಕ ಮಾಡಿದ್ದಳು. ಮೊದಲ ಸಲವೇ ಸುಳ್ಳಿ ಎನಿಸಿಕೊಂಡಳು. ಹಿಂತಿರುಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೂ ಒಂದೇ ಒಂದು ಕನಸು ಬೀಳಲಿಲ್ಲ.

ಇಳಿದವಳು ನೇರ ಉಮ್ಮಾಲಿಮ್ಮನ ಮನೆಗೆ ಹೋದಳು. ಲಾಸ್ಟ್ ಮಾಡಿದ್ದಕ್ಕೆ ಕ್ಷಮೆ ಕೇಳಬೇಕಿತ್ತು. ಅವರು ಜಗಲಿಯಲ್ಲಿ ಕೂತು ನಗುತ್ತಿದ್ದರು.

“ಅದಾ? ಅದು ನನ್ನ ಸುರಂಗದ್ದಲ್ಲ ಮಗಾ! ಹಂದಿ ಕಲಕಿ ಕೆಸರಾಗಿತ್ತಲ್ಲ. ನಿಂಗೆ ಬಸ್ಸು ತಪ್ಪೀತು ಅಂತ ಬೇಲಿಯ ಹತ್ರ ಸೋರುವ ಕಿಟ್ಟಣ್ಣನ ಬೋರ್‌ವೆಲ್ ಪೈಪಿನ ನೀರು ಹಿಡಿದು ಕೊಟ್ಟದ್ದು. ಬಸ್ಸಿನ ಸದ್ದಿನಲ್ಲಿ ನಿಂಗೆ ಕೇಳ್ಲಿಲ್ವಾ?”

ಪೂಜಾಶ್ರೀಯ ತಲೆಯಲ್ಲಿ ಒಂದು ಹನಿ ಬಿತ್ತು. ಅವಳು ಸುರಂಗದ ಬಾಯಿಗೆ ಓಡಿದಳು. ಕೆಂಪು ಕೆಸರಿನಲ್ಲಿ ಹಂದಿಯ ಗೊರಸು ಒಂದೂ ಇರಲಿಲ್ಲ. ಬರಿಗಾಲಿನ ಹೆಜ್ಜೆಗಳಿದ್ದವು. ರಬ್ಬರ್ ಚಪ್ಪಲಿಯ ಗುರುತಿತ್ತು. ಒಂದಿಷ್ಟು ಟಿಶ್ಯೂ ಪೇಪರ್ ಬಿದ್ದಿತ್ತು. ಒದ್ದೆ ಪಂಚೆ, ಮಣ್ಣಿನ ಪಾದ, ಟಿಶ್ಯೂ: ಮೂರು ಹಂದಿಗಳ ಗುರುತು ಹತ್ತಿತು. ನಾಲ್ಕನೆಯದು ಯಾವುದಪ್ಪಾ ಎಂದು ಸುತ್ತ ನೋಡಿದರೆ, ಕಲ್ಲಿನ ಮೇಲೆ ಹಿಡಿ ಮುರಿದ ಹಸಿರು ಮಗ್ ಕೂತಿತ್ತು. ಹಿಡಿ ಮುರಿದದ್ದು ಕಳೆದ ವರ್ಷ ಅವಳೇ. ಅವಳದೇ ಮನೆಯ ಬಚ್ಚಲಲ್ಲಿ.

“ಅಮ್ಮಾ...” ಎಂದಳು ಅವಳು, ಸುರಂಗವೂ “ಅಮ್ಮಾ” ಎಂದಿತು.

ಅಳಬೇಕೋ ನಗಬೇಕೋ ತಿಳಿಯದೆ ಅಲ್ಲಿಂದಲೇ ಟೀಚರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಆಚೆ ಕಡೆಯಿಂದ ನಗು ಕೇಳಿಸಿತು.

“ಅಂದರೆ ಒಂದೇ ನೀರನ್ನು ಗೊತ್ತಿಲ್ಲದೆ ನಾಲ್ಕು ಸಲ ಅಳೆದಿದ್ದಿ. ನಾಲ್ಕು ಸಲವೂ ಒಂದು ಹನಿ ಆಚೀಚೆ ಆಗಲಿಲ್ಲ. ಇಂಥ ಕೈ ನನ್ನ ಕ್ಲಾಸಿನಲ್ಲಿ ಯಾರಿಗೂ ಇಲ್ಲ ಪೂಜಾಶ್ರೀ. ನೀನು ಎಂಎಸ್ಸಿಗೆ ಅರ್ಜಿ ಹಾಕು. ಆದರೆ ನಾಳೆ ಹತ್ತಕ್ಕೆ ಐದು ಬೇರೆ ನೀರು ತಾ. ಈ ಸಲ ನಿನ್ನ ಕೈಯಾರೆ!”

ರೆಕ್ಕೆ ಬಂದವಳ ಹಾಗೆ ಗುಡ್ಡ ಇಳಿದಳು. ಕಿಟ್ಟಣ್ಣನ ಜಗಲಿಯಲ್ಲಿ ಫಸ್ಟ್ ಬಂದವರೆಲ್ಲ ಸೇರಿ ಶರಬತ್ತು ಕುಡಿಯುತ್ತಿದ್ದರು, ಅಮ್ಮನೂ ಇದ್ದರು.

“ಇನ್ನೊಮ್ಮೆ ನೀರು ಬೇಕಿತ್ತು. ನಾನೇ ಎಳೀತೇನೆ.”

ಲೋಟಗಳು ಅರ್ಧದಲ್ಲೇ ನಿಂತವು.

“ಯಾಕೆ?” ಎಂದರು ಮೊಯ್ದಿನಬ್ಬ ಕಾಕ. “ಪಾಸಾದವರು ಪುನಃ ಪರೀಕ್ಷೆ ಬರೀಲಿಕ್ಕುಂಟಾ?”

“ನಮ್ಮ ಬಾವಿಯ ರಾಟೆ ತುಂಡಾಗಿದೆ,” ಎಂದರು ಮೋಹಿನಿಯಕ್ಕ.

“ಇಡೀ ದಿನ ಕರೆಂಟಿಲ್ಲ,” ಎಂದ ಕಿಟ್ಟಣ್ಣ, ತಲೆಯ ಮೇಲೆ ತಿರುಗುವ ಫ್ಯಾನಿನ ಕೆಳಗೆ.

ಅವಳು ಬೆನ್ನ ಹಿಂದಿನಿಂದ ಹಸಿರು ಮಗ್ ತೆಗೆದು ಅಮ್ಮನ ಮುಂದೆ ಇಟ್ಟಳು. ಅಮ್ಮ ಅದನ್ನು ಮೊದಲ ಸಲ ನೋಡುವವರ ಹಾಗೆ ನೋಡಿ, “ಯಾರದ್ದಪ್ಪ ಇದು?” ಎಂದರು.

ಮತ್ತೆ ಗುಡ್ಡ ಹತ್ತಿ ನಡೆದದ್ದನ್ನೆಲ್ಲ ಹೇಳಿದವಳಿಗೆ ಉಮ್ಮಾಲಿಮ್ಮ ಸುರಂಗದ ನೀರು ಕೊಟ್ಟರು. ಕೆಸರು ಕೂತು ತಿಳಿಯಾಗಿತ್ತು. “ಫೇಲಾದವಳು ನಾನೊಬ್ಬಳೇ ಅಲ್ವಾ? ಸಪ್ಲಿಮೆಂಟರಿಗೆ ನಾನು ರೆಡಿ. ಮಿಕ್ಕವರದ್ದು ನಾಳೆ ನಸುಕಿಗೆ ನೀನೇ ಹೋಗಿ ತಾ. ಅವರು ನನ್ನದಕ್ಕೆ ಬರಬಹುದಾದ್ರೆ, ನೀನು ಅವರದ್ದಕ್ಕೆ ಹೋಗಬಾರದಾ?”

ಪೂಜಾಶ್ರೀಗೆ ಆ ಉಪಾಯ ಇಷ್ಟವಾಯಿತು. ಬಾಟಲಿಗಳನ್ನು ತೊಳೆದು ಕವುಚಿ ಹಾಕಿದಳು. ಐದು ಗಂಟೆಗೆ ಅಲಾರಂ ಇಟ್ಟಳು. ಅಷ್ಟರಲ್ಲಿ ಗ್ರೂಪಿನಲ್ಲಿ ಕಿಟ್ಟಣ್ಣನ ದನಿ ಬಂತು. ತಾನೇ ಹಂದಿ ಎಂದು ಗೊತ್ತಿರುವವನು ಮಾತ್ರ ಹಂದಿಯ ಮೇಲೆ ಅಷ್ಟು ಸಿಟ್ಟಾಗಬಲ್ಲ.

“ಎಲ್ಲರೂ ಕೇಳಿ. ಪಾಪ, ಉಮ್ಮಾಲಿಮ್ಮನ ಸುರಂಗಕ್ಕೆ ಹಂದಿ ನುಗ್ಗಿದೆ. ನಾಳೆ ನಮ್ಮ ಬಾವಿಗೂ ಬಂದೀತು. ಫಸ್ಟ್ ಬಂದ ನೀರು! ಬೆಳಗ್ಗೆ ಐದಕ್ಕೆ ಟಾರ್ಚು, ದೊಣ್ಣೆ ಹಿಡಿದು ಎಲ್ಲರೂ ಅವರವರ ಬಾವಿ ಕಾಯುವ.”

ಪೂಜಾಶ್ರೀ ಅಲಾರಮನ್ನು ನಾಲ್ಕಕ್ಕೆ ತಿರುಗಿಸಿದಳು. ಫೋನು ಮತ್ತೆ ಮಿನುಗಿತು.

“ಅಲ್ಲ, ಐದು ಲೇಟಾಯ್ತು. ಆ ಹಂದಿಗಳಿಗೆ ಭಾರೀ ಬುದ್ಧಿ ಉಂಟು. ಮೂರೂವರೆಗೇ ಕೂರುವ.”

ಆ ಮಾತಿಗೆ ಎಲ್ಲರಿಗಿಂತ ಮೊದಲು ಹೆಬ್ಬೆರಳಿನ ಚಿತ್ರ ಒತ್ತಿದವರು, ಪಕ್ಕದ ಕೋಣೆಯಿಂದ, ಅವಳ ಅಮ್ಮ.