ಗಂಜಿಗೆ ಉಪ್ಪು ಸರಿ ಉಂಟಾ?

ನಮ್ಮ ಸೋದರಮಾವ ಮನುಷ್ಯರೇ ಅಲ್ಲ. ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ! ಮನುಷ್ಯ ಎಂದ ಮೇಲೆ ದಣಿವಾಗಬೇಕು ಎಂಬುದು ನನ್ನ ಸಿದ್ಧಾಂತ. ನನಗಂತೂ ಹಲ್ಲುಜ್ಜಿದರೂ ದಣಿವಾಗುತ್ತದೆ. ವಾರದ ಆರು ದಿನ ಉಡುಪಿಯ ಶಾಲೆಯೊಂದರಲ್ಲಿ ಎಂಟನೆಯ ತರಗತಿಗೆ ಗಣಿತ ಹೇಳಿ ಗಂಟಲು ಹರಿದುಕೊಂಡವಳಿಗೆ ಭಾನುವಾರ ಹಾಸಿಗೆಯೇ ದೇವಸ್ಥಾನ. ಎಪ್ಪತ್ತು ದಾಟಿದ ಮಾವನಿಗೆ ಅದೆಲ್ಲ ಅರ್ಥವಾಗುವುದಿಲ್ಲ. ಭಾನುವಾರ ಎಂಟು ಗಂಟೆಗೆ ಕಾಪುವಿನಿಂದ ಫೋನು ಬಂತೆಂದೇ ಲೆಕ್ಕ. "ಸ್ಕೂಟರಿಗೆ ಪೆಟ್ರೋಲು ಉಂಟಾ? ನಾನು ಬಸ್ಸು ಹತ್ತಿದೆ" ಎನ್ನುತ್ತಾರೆ.

ಹೋಗುವುದೆಲ್ಲಿಗೆ? ಮಣಿಪಾಲದ ಒಂದು ಆಸ್ಪತ್ರೆಗೆ. ಮಾವನಿಗೆ ಯಾವ ಕಾಯಿಲೆಯೂ ಇಲ್ಲ. ಕಾಯಿಲೆ ಇದ್ದವರನ್ನು ನೋಡಿ ಬರುವುದೇ ಅವರ ಕಾಯಿಲೆ! ಕಾರ್ಕಳ–ಉಡುಪಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ಆ ದಾರಿಯಲ್ಲಿ ಒಮ್ಮೆ ಟಿಕೆಟು ಹರಿಸಿಕೊಂಡವರೆಲ್ಲ ಅವರಿಗೆ ನೆಂಟರೇ. ಆದರೆ ಒಬ್ಬರ ಹೆಸರೂ ಗೊತ್ತಿಲ್ಲ, ಇಳಿಯುವ ಸ್ಟಾಪು ಮಾತ್ರ ಗೊತ್ತು. ಹಾಗಾಗಿ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು, "ಹಿರಿಯಡ್ಕ ಸ್ಟಾಪಿನವರು ಯಾವ ವಾರ್ಡಿನಲ್ಲಿದ್ದಾರೆ?" ಎಂದು ಕೇಳುತ್ತಾರೆ.

ಒಮ್ಮೆ ಕೌಂಟರಿನ ಹುಡುಗಿ ಪಾಪ, ಯಾರೋ ಹಿರಿಯಡ್ಕದವರ ವಾರ್ಡು ತೋರಿಸಿದಳು. ಮಾವ ಅವರ ಹತ್ತಿರ ಮುಕ್ಕಾಲು ಗಂಟೆ ಕುಳಿತು, ಕಿತ್ತಳೆ ಸುಲಿದು ಕೊಟ್ಟು, ಹಳೆಯ ಬಸ್ಸಿನ ಸುದ್ದಿಯೆಲ್ಲ ಹೇಳಿದರು. ಕೊನೆಗೆ ಆ ಮನುಷ್ಯ, ಊರು ಹಿರಿಯಡ್ಕವಾದರೂ ತಾನು ಹುಟ್ಟಿದಂದಿನಿಂದ ಮುಂಬಯಿಯಲ್ಲಿದ್ದವನು, ಆ ಬಸ್ಸು ಹತ್ತಿದವನೇ ಅಲ್ಲ ಎಂದರಂತೆ. ನಾನಾಗಿದ್ದರೆ ಭೂಮಿಗಿಳಿದು ಹೋಗುತ್ತಿದ್ದೆ. ಮಾವ ಮುಂದಿನ ಭಾನುವಾರವೂ ಅಲ್ಲಿಗೇ ಹೋದರು. ಈಗ ಪರಿಚಯ ಆಯ್ತಲ್ಲ ಎಂಬುದು ಅವರ ಸಮಜಾಯಿಷಿ.

ರೋಗಿಯನ್ನು ಕಂಡರೆ ನಾವೆಲ್ಲ ಎಂತ ಮಾಡುತ್ತೇವೆ? ಏನಾಯಿತೆಂದು ಕೇಳಿ, ಅದೇ ರೋಗದಲ್ಲಿ ತೀರಿಹೋದ ನಮ್ಮ ಕಡೆಯವರೊಬ್ಬರ ಕಥೆ ಹೇಳಿ ಬರುತ್ತೇವೆ. ಮಾವ ರೋಗದ ಸುದ್ದಿಯನ್ನೇ ಎತ್ತುವುದಿಲ್ಲ. ಸ್ಟೂಲು ಎಳೆದು ಕುಳಿತು ಕೇಳುವುದು ಒಂದೇ ಪ್ರಶ್ನೆ: ಗಂಜಿಗೆ ಉಪ್ಪು ಸರಿ ಉಂಟಾ?

ಇದೆಲ್ಲ ನಾನು ಕಣ್ಣಾರೆ ಕಂಡದ್ದಲ್ಲ, ಮಾವ ಹೇಳಿದ್ದು. ನಾನು ವಾರ್ಡಿನ ಒಳಗೆ ಹೋದವಳೇ ಅಲ್ಲ. ಪಾರ್ಕಿಂಗ್ ಪಕ್ಕದ ಬೆಂಚಿನಲ್ಲಿ ಕುಳಿತು ಆಕಳಿಸುವುದೇ ನನ್ನ ಪಾಲಿನ ಸೇವೆ. ಹೋದ ತಿಂಗಳ ಒಂದು ಭಾನುವಾರ ಮಾವ ಮಧ್ಯಾಹ್ನ ಒಂದೂವರೆಗೆ ಹೊರಗೆ ಬಂದಾಗ ನನ್ನ ತಾಳ್ಮೆ ಕೆಟ್ಟಿತ್ತು. ಅಲ್ಲಿ ಹೋಗಿ ಉಪ್ಪು ಕೇಳುವುದರಿಂದ ಯಾರಿಗೆ ಎಂತ ಆಗಬೇಕು ಎಂದು ಹಾರಾಡಿದೆ.

"ನಾಯಿಯೂ ಅಳ್ತದೆ, ಮಂಗನೂ ನಗಾಡ್ತದೆ ಮಾರಾಯ್ತಿ. ಇನ್ನೊಬ್ಬನ ಗಂಜಿಗೆ ಉಪ್ಪು ಉಂಟಾ ಅಂತ ಕೇಳುವುದು ಮನುಷ್ಯ ಮಾತ್ರ" ಎಂದರು.

"ಮತ್ತೆ ನಾನು? ನನಗೂ ದಣಿವಾಗ್ತದೆ ಮಾವ. ನಾನು ಮನುಷ್ಯಳಲ್ವಾ?"

ಮಾವ ಸ್ಕೂಟರಿನ ಹಿಂದೆ ಹತ್ತಿ ಕುಳಿತರು. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಹೋಗಿ ಮಲಗು ಎಂದು ಹೇಳಿ ಕಾಪುವಿನ ಬಸ್ಸು ಹತ್ತಿದರು.

ಮುಂದಿನ ಭಾನುವಾರ ಫೋನು ಬರಲಿಲ್ಲ. ಹೇಳಲು ನಾಚಿಕೆ, ನನಗೆ ಖುಷಿಯೇ ಆಯಿತು. ತಿಂಡಿ ತಿಂದು ಮತ್ತೆ ಮಲಗಿದೆ. ಸೋಮವಾರ ಶಾಲೆ ಬಿಡುವ ಹೊತ್ತಿಗೆ ಕಾಪುವಿನ ಅವರ ಪಕ್ಕದ ಮನೆಯವರು ಫೋನು ಮಾಡಿ, ಮಾವ ಶನಿವಾರದಿಂದ ಅದೇ ಆಸ್ಪತ್ರೆಯಲ್ಲಿದ್ದಾರೆ ಎಂದರು. ಭಾನುವಾರ ನನ್ನನ್ನು ಎಬ್ಬಿಸಬಾರದೆಂದು ಶನಿವಾರವೇ ಒಬ್ಬರೇ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿದ್ದರಂತೆ. ಮೂವತ್ತು ವರ್ಷ ಓಡುವ ಬಸ್ಸಿನ ಬಾಗಿಲಲ್ಲಿ ನೇತಾಡಿದ ಮನುಷ್ಯ, ನಿಂತ ಬಸ್ಸಿನಿಂದ ಇಳಿಯುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದರು!

ಮೊದಲ ಸಲ ವಾರ್ಡಿನ ಒಳಗೆ ಹೋದೆ. ಮಾವ ಹಾಸಿಗೆಯಲ್ಲಿ ಅರ್ಧದಷ್ಟಾಗಿ ಕಂಡರು. ನನಗೆ ಯಾಕೆ ಹೇಳಲಿಲ್ಲ ಎಂದು ಜೋರು ಮಾಡಿದೆ.

"ಯಾರಿಗೂ ಹೇಳಬೇಡ. ಇಷ್ಟು ದೂರ ಬಂದು ಹೋಗುವಾಗ ಎಲ್ಲರಿಗೂ ದಣಿವಾಗ್ತದೆ. ನೀನೂ ಮನೆಗೆ ಹೋಗು, ನಾಳೆ ಶಾಲೆ ಉಂಟಲ್ಲ."

ದಣಿವೆಂದರೆ ಏನೆಂದು ಗೊತ್ತಿಲ್ಲದವರು ಎಂದುಕೊಂಡಿದ್ದೆ. ನನ್ನ ಒಂದು ಮಾತನ್ನು ವಾರವಿಡೀ ಹೊತ್ತು ತಿರುಗಿದ್ದಾರೆ. ಸ್ಟೂಲು ಎಳೆದು ಕುಳಿತೆ.

"ಗಂಜಿಗೆ ಉಪ್ಪು ಸರಿ ಉಂಟಾ ಮಾವ?"

ಮಾವನ ಕಣ್ಣು ತುಂಬಿತ್ತು. "ಸರಿ ಉಂಟು" ಎಂದರು.

ಪಕ್ಕದ ಮೇಜಿನ ಮೇಲೆ ಗಂಜಿ ಮುಚ್ಚಿದಂತೆಯೇ ಇತ್ತು. ಮುಚ್ಚಳ ತೆಗೆದು ಒಂದು ಚಮಚ ಬಾಯಿಗೆ ಹಾಕಿ ನೋಡಿದೆ. ಉಪ್ಪೇ ಇರಲಿಲ್ಲ. ಸಿಸ್ಟರನ್ನು ಕೇಳಿದ್ದಕ್ಕೆ, ಚಿಟಿಕೆ ಹಾಕಬಹುದು, ಕೆಳಗೆ ಕ್ಯಾಂಟೀನಿನಲ್ಲಿ ಸಿಗುತ್ತದೆ ಎಂದರು. ಲಿಫ್ಟಿನ ಮುಂದೆ ದೊಡ್ಡ ಸಾಲಿತ್ತು. ನಾಲ್ಕು ಮಹಡಿ ಮೆಟ್ಟಿಲಿಳಿದು, ಕಾಗದದಲ್ಲಿ ಉಪ್ಪು ಕಟ್ಟಿಸಿಕೊಂಡು, ಮತ್ತೆ ನಾಲ್ಕು ಮಹಡಿ ಹತ್ತಿದೆ. ಕಾಲು ಬಹಳ ನೋಯುತ್ತಿತ್ತು. ನೋಯಲಿ ಎಂದುಕೊಂಡೆ.