ಕಳ್ಳಗಂಟೆಯ ಗುಟ್ಟಿನ ಮಾತು

ಅಷ್ಟೆಲ್ಲ ರಂಪಕ್ಕೆ ಕಾರಣ ಬೆಂಕಿಪೆಟ್ಟಿಗೆಯಷ್ಟು ಬಿಳಿ ಡಬ್ಬಿ. ಫಿಲ್ಟರ್ ಅಂತ ಅದರ ಹೆಸರು. ಡೆರಿಕ್ ಹೆಪ್‌ವರ್ತ್ ಮನೆಯಲ್ಲಿ ಕಳ್ಳ ಬಂದರೆ ಕೂಗುವ ಗಂಟೆಯೂ ಹೊಸ ಬ್ರಾಡ್‌ಬ್ಯಾಂಡೂ ಒಂದೇ ಫೋನ್ ತಂತಿಯಲ್ಲಿ ಸಂಸಾರ ಮಾಡಬೇಕಿತ್ತು. ಡಬ್ಬಿ ಸರಿಯಾದ ಜಾಗದಲ್ಲಿ ಕೂತರೆ ಇಬ್ಬರೂ ಸುಖ. ಇಲ್ಲದಿದ್ದರೆ ಬ್ರಾಡ್‌ಬ್ಯಾಂಡಿನ ಸದ್ದಿಗೆ ಬೆಚ್ಚಿ, ಯಾರೋ ತಂತಿ ಕತ್ತರಿಸಿದರೆಂದು ಗಂಟೆ ಅರಚಿಕೊಳ್ಳುತ್ತದೆ. ತಾನೇ ಕಾವಲು ಕಂಪನಿಗೆ ಫೋನೂ ಮಾಡುತ್ತದೆ. ಗಂಟೆ ಸುಮ್ಮನಾಗುವವರೆಗೆ ಬ್ರಾಡ್‌ಬ್ಯಾಂಡ್ ಕಣ್ಮುಚ್ಚುತ್ತದೆ.

ಶನಿವಾರ ಬೆಳಗ್ಗೆಯಿಂದ ಆಗಿದ್ದು ಅದೇ, ನಾಲ್ಕು ಸಲ. ಡೆರಿಕ್ ಡಬ್ಬಿಯನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸಿಕ್ಕಿಸಿ ನೋಡಿದ. ಹ್ಯಾಲಿಫ್ಯಾಕ್ಸಿನ ಕಾರ್ಪೆಟ್ ಗಿರಣಿಯಲ್ಲಿ ಮೂವತ್ತೊಂದು ವರ್ಷ ಮಗ್ಗ ರಿಪೇರಿ ಮಾಡಿದವನು. ತನ್ನ ಮನೆಯ ಒಂದು ಮೊಳೆಯನ್ನೂ ಪರರ ಕೈಯಲ್ಲಿ ಹೊಡೆಸಿದವನಲ್ಲ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮಾಮೂಲಿ ದಿನವಾಗಿದ್ದರೆ ಪರವಾಗಿಲ್ಲ. ಅಂದು ನಾಲ್ಕು ಗಂಟೆಗೆ, ಬೀದಿಯವರೇ ಸೇರಿ ಕಳ್ಳರ ಮೇಲೆ ಕಣ್ಣಿಡುವ ನೆರೆಹೊರೆ ಕಾವಲು ಪಂಗಡಗಳ ಜಿಲ್ಲಾ ಬಹುಮಾನದ ತೀರ್ಪುಗಾರರು ಡೆರಿಕ್‌ನ ಕಂಪ್ಯೂಟರಿನಲ್ಲೇ ಮಾತಾಡಲಿದ್ದರು. ನಮ್ಮ ಹಾಥಾರ್ನ್ ಬೀದಿಗೆ ಒಂದು ವರ್ಷದಿಂದ ಪೊಲೀಸರು ಕಾಲಿಟ್ಟಿಲ್ಲ. ಅಂಥ ಬೀದಿ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಅಂತ ನಾವೂ ಎದೆಯುಬ್ಬಿಸಿ ಓಡಾಡುತ್ತಿದ್ದೆವು. ಪಂಗಡದ ಮುಖ್ಯಸ್ಥ ಡೆರಿಕ್ ಅಂತೂ ಟೈ ಕಟ್ಟಿಕೊಂಡೇ ನೆಲದ ಮೇಲೆ ಬೋರಲಾಗಿ ತಂತಿ ಎಳೆಯುತ್ತಿದ್ದ.

ಮೂರೂವರೆಗೆ ಐದನೇ ಸಲ ಕಳ್ಳಗಂಟೆ ಅರಚಿತು. ತುರ್ತಿಗೆಂದು ಅವನ ಮನೆಯ ಕೀಲಿ ಇಟ್ಟುಕೊಂಡಿದ್ದ ಪಕ್ಕದ ಮನೆಯ ವಿನಿಫ್ರೆಡ್ ನಟಲ್, ಎದುರು ಮನೆಯ ಕ್ಲಿಫರ್ಡ್ ಬೂತ್ ಇಬ್ಬರೂ ಒಳಗೆ ನುಗ್ಗಿದರು.

"ಕಳ್ಳ ಎಲ್ಲಯ್ಯಾ?" ಅಂದ ಕ್ಲಿಫರ್ಡ್, ಕೈಯಲ್ಲಿ ಗಾರೆ ಕರಣೆ.

"ಕಳ್ಳನೂ ಇಲ್ಲ, ಸುಳ್ಳನೂ ಇಲ್ಲ. ಆ ಕಡೆ ತಂತಿ ಎಳಿ."

"ಎಂಜಿನಿಯರ್‌ಗೆ ಒಂದು ಫೋನ್ ಮಾಡಬಾರದೇನೋ?" ಅನ್ನುತ್ತಾ ವಿನಿಫ್ರೆಡ್ ಚಹಾಕ್ಕೆ ಕೆಟಲ್ ಇಟ್ಟಳು.

"ಆ ಮಾತು ಈ ಮನೇಲಿ ಎತ್ತಬೇಡ!"

ಅಷ್ಟರಲ್ಲಿ ಕಾವಲು ಕಂಪನಿಯ ಹುಡುಗಿಯ ಫೋನ್ ಬಂತು.

"ಐದನೇ ಸಲ ಸರ್, ಇನ್ನು ನಿಯಮ ಬಿಡೋಕಾಗಲ್ಲ. ನೀವೇ ಮನೆಯವರು ಅಂತ ಗೊತ್ತಾಗೋಕೆ ನಿಮ್ಮ ಗುಟ್ಟಿನ ಮಾತು ಹೇಳಿ. ಮೂರು ಸಲ ತಪ್ಪಿದ್ರೆ ಪೊಲೀಸ್ರನ್ನ ಕಳಿಸ್ತೀವಿ."

ಡೆರಿಕ್‌ಗೆ ಅದು ಗೊತ್ತೇ ಇರಲಿಲ್ಲ. ಕಂಪನಿಗೆ ಗುಟ್ಟಿನ ಮಾತು ಕೊಟ್ಟವಳು ಹೆಂಡತಿ ಮ್ಯೂರಿಯಲ್. ಅವಳು ಚರ್ಚಿನ ಹಾಡುಗಾರ್ತಿಯರ ಜೊತೆ ಕಡಲತೀರದ ವಿಟ್ಬಿ ಊರಿಗೆ ಹೋಗಿದ್ದಳು. ಮೊಬೈಲು ಇಲ್ಲೇ ಬ್ರೆಡ್ ಡಬ್ಬಿಯ ಮೇಲೆ.

"ಬೆಕ್ಕಿನ ಹೆಸರು ಹೇಳು," ಅಂದಳು ವಿನಿಫ್ರೆಡ್.

"ಮಫಿನ್!"

"ತಪ್ಪು ಸರ್."

"ಮದುವೆ ತಾರೀಕೋ ಏನೋ," ಅಂದ ಕ್ಲಿಫರ್ಡ್.

ಡೆರಿಕ್ ಹೇಳಿದ. ವಿನಿಫ್ರೆಡ್ ಹಣೆ ಚಚ್ಚಿಕೊಂಡಳು. "ಅದು ಅವಳ ತಂಗಿ ಮದುವೆ ಕಣೋ!"

"ಅದೂ ತಪ್ಪು ಸರ್. ಇನ್ನೊಂದೇ ಸಲ."

ನಾಲ್ಕಕ್ಕೆ ಇನ್ನು ಹತ್ತೇ ನಿಮಿಷ ಉಳಿದಿತ್ತು. ಪೊಲೀಸ್ ಗಾಡಿ ಬೀದಿಗೆ ಬಂದರೆ ವರ್ಷದ ಕೀರ್ತಿ ನೀರುಪಾಲು. ಟೈ ಪಕ್ಕಕ್ಕೆ ತಿರುಗಿತ್ತು, ಮೊಣಕಾಲು ದೂಳಾಗಿತ್ತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮನುಷ್ಯ ಜೀವನದಲ್ಲಿ ಮೊದಲ ಸಲ ಸೋತ.

"ನಂಗೊತ್ತಿಲ್ಲ ತಾಯಿ, ನನ್ನ ಕೈಲಾಗಲ್ಲ. ಎಂಜಿನಿಯರ್‌ನ ಕಳಿಸಿ."

ಆ ಕಡೆ ಕೀಲಿಮಣೆಯ ಸದ್ದಾಯಿತು.

"ಸರಿಯಾಗಿದೆ ಸರ್! ಎಲ್ಲಾ ಕ್ಷೇಮ ಅಂತ ಬರ್ಕೊಂಡೆ. ಪೊಲೀಸ್ರು ಬರಲ್ಲ. ನಮಸ್ಕಾರ." ಫೋನ್ ಕಟ್.

ವಿನಿಫ್ರೆಡ್ ಚಪ್ಪಾಳೆ ತಟ್ಟಿದಳು. ಡೆರಿಕ್ ಮಾತ್ರ ಮತ್ತೆ ಫೋನ್ ಮಾಡಿದ.

"ಅಮ್ಮಾ, ನಾನು ಹೇಳಿದ್ದು ನಿಜವಾಗ್ಲೂ! ಎಂಜಿನಿಯರ್‌ನ ಕಳಿಸಿ!"

"ಸರಿಯಾಗಿದೆ ಸರ್. ಒಂದ್ಸಲ ಹೇಳಿದ್ರೆ ಸಾಕು."

ಸರಿಯಾಗಿ ನಾಲ್ಕಕ್ಕೆ ಮೂವರು ತೀರ್ಪುಗಾರರ ಮುಖ ಪರದೆಯ ಮೇಲೆ ಮೂಡಿತು. "ಕಳ್ಳರ ವಿಷಯದಲ್ಲಿ ನಮ್ಮ ಬೀದಿಯಷ್ಟು ನಿಶ್ಶಬ್ದವಾದ ಬೀದಿ..." ಅಂತ ಡೆರಿಕ್ ಶುರು ಮಾಡಿದ. ಗಂಟೆ ಬಾಯಿ ತೆರೆಯಿತು. ತೀರ್ಪುಗಾರರು ಬಾಯಿ ತೆರೆದಂತೆಯೇ ಹೆಪ್ಪುಗಟ್ಟಿ, ಮಾಯವಾದರು. ಬಹುಮಾನ ಪಕ್ಕದ ಬೀದಿಗೆ ಹೋಯಿತು.

ಆರಕ್ಕೆ ಮ್ಯೂರಿಯಲ್ ಬಂದಳು. ಕತೆ ಕೇಳಿ ಕುರ್ಚಿ ಹಿಡಿದು ನಕ್ಕಳು.

"ಕಳ್ಳ ಕತ್ತಿಗೆ ಚಾಕು ಇಟ್ರೂ ನಿಮ್ಮ ಬಾಯಿಂದ ಹೊರಡದ ಮಾತು ಇರ್ಲಿ ಅಂತ 'ಎಂಜಿನಿಯರ್‌ನ ಕಳಿಸಿ' ಅನ್ನೋದನ್ನೇ ಗುಟ್ಟಿನ ಮಾತಾಗಿ ಕೊಟ್ಟಿದ್ದೆ. ಸರಿ, ಈಗ್ಲಾದ್ರೂ ಎಂಜಿನಿಯರ್‌ನ ಕರೆಸಿ."

ಮತ್ತೆ ಅರಚತೊಡಗಿದ ಗಂಟೆಯ ಕೆಳಗೆ, ಡೆರಿಕ್ ರಿಸೀವರ್ ಹಿಡಿದು ಅವಳನ್ನೇ ನೋಡಿದ.

"ಏನಂತ ಹೇಳಿ ಕರೆಸ್ಲಿ, ಮಹಾತಾಯಿ?"